ಕ್ರೇನ್ ಹತ್ತಲು ಹೊರಟ ತಮ್ಮನಿಗೆ

ತಮ್ಮಾ,

ಐಟಿಐ ಮುಗಿಸಿದವರು, ಪಿಯುಸಿಗೇ ಓದು ನಿಲ್ಲಿಸಿದವರು, ಊರಲ್ಲಿ ಜೆಸಿಬಿ ಓಡಿಸಿ ಕೈ ಪಳಗಿದವರು, ಹೀಗೆ ನಿನ್ನ ವಯಸ್ಸಿನ ಹುಡುಗರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: “ಅಣ್ಣಾ, ಟವರ್ ಕ್ರೇನ್ ಆಪರೇಟರ್ ಆಗಬೇಕು, ಎಲ್ಲಿಂದ ಶುರು ಮಾಡಲಿ?” ವೈಟ್‌ಫೀಲ್ಡ್, ಸರ್ಜಾಪುರ ರಸ್ತೆ, ಥಣಿಸಂದ್ರದ ಕಡೆ ಹೋದರೆ ಕಣ್ಣು ಹಾಯಿಸಿದಲ್ಲೆಲ್ಲ ಕ್ರೇನಿನ ಅಡ್ಡ ತೋಳುಗಳು, ಆ ಹಳದಿ ಜಿಬ್‌ಗಳೇ. ಅಷ್ಟೂ ಕ್ರೇನ್‌ಗಳ ಕ್ಯಾಬಿನ್‌ನಲ್ಲಿ ಕೂತವರಲ್ಲಿ ಬಿಹಾರ, ಒಡಿಶಾ, ಉತ್ತರ ಪ್ರದೇಶ, ಪಶ್ಚಿಮ ಬಂಗಾಳದವರನ್ನು ಬಹಳ ಕಾಣುತ್ತೇನೆ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಬಂದ ನಮ್ಮವರು ಅದೇ ಸೈಟಿನ ಕೆಳಗೆ ಮಣ್ಣು ಇಟ್ಟಿಗೆ ಹೊರುತ್ತಿರುತ್ತಾರೆ. ಕ್ರೇನಿನ ಏಣಿಯನ್ನು ನೀನೂ ಹತ್ತಬೇಕು ಅನ್ನುವುದು ನನ್ನ ಮನದಾಳದ ಆಸೆ. ಆದರೆ ಹತ್ತುವ ಮೊದಲು ಗೊತ್ತಿರಬೇಕಾದ್ದನ್ನು ಫೋನಿನಲ್ಲಿ ಐದು ನಿಮಿಷಕ್ಕೆ ಹೇಳಿ ಮುಗಿಸಲಾಗದು. ಅದಕ್ಕೇ ಈ ಪತ್ರ.

ನನ್ನ ಸಲಹೆ ನಿನಗೆ ಹಿಡಿಸಲಿಕ್ಕಿಲ್ಲ. ನೇರವಾಗಿ ಕ್ಯಾಬಿನ್‌ಗೆ ಹೋಗಬೇಡ. ಮೊದಲು ಒಂದೆರಡು ವರ್ಷ ನೆಲದ ಮೇಲೆ ರಿಗ್ಗರ್ ಆಗಿ ದುಡಿ. ರಿಗ್ಗರ್ ಅಂದರೆ ಸರಕಿಗೆ ಸ್ಲಿಂಗ್ ಕಟ್ಟಿ, ಹುಕ್ಕಿಗೆ ಹಾಕಿ, ಹಗ್ಗ ಹಿಡಿದು, ಸಿಗ್ನಲ್ ಕೊಡುವವನು. ಕೂಲಿ ಕಡಿಮೆ, ಕಾಲೆಲ್ಲ ಕೆಸರು, ಬೈಗುಳ ಧಾರಾಳ. ಗಾಜಿನ ಕ್ಯಾಬಿನ್, ಎರಡು ಲಿವರ್, ಕೆಳಗೆ ಇರುವೆಗಳಂತೆ ಜನ ಎಂದು ಕನಸು ಕಂಡವನಿಗೆ ಈ ಮಾತು ರುಚಿಸುವುದಿಲ್ಲ, ಗೊತ್ತು. ಲಿವರ್ ಆಡಿಸುವುದನ್ನು ಕೆಲವು ವಾರಗಳಲ್ಲಿ ಕಲಿಯಬಹುದು. ಏನನ್ನು ಎತ್ತುತ್ತಿದ್ದೀಯ, ಅದನ್ನು ಹೇಗೆ ಕಟ್ಟಿದ್ದಾರೆ, ಅದರ ಹತ್ತಿರ ನಿಂತವನ ಕೈ ಎಲ್ಲಿದೆ, ಈ ಮೂರನ್ನು ಕ್ಯಾಬಿನ್‌ನಲ್ಲಿ ಯಾರೂ ಕಲಿಸಲಾರರು. ಅವು ನೆಲದ ವಿದ್ಯೆಗಳು.

ಮೇಲೆ ಕೂತವನಿಗೆ ಏನು ಕಾಣುತ್ತದೆ ಹೇಳು? ಹೆಲ್ಮೆಟ್ಟುಗಳು ಕಾಣುತ್ತವೆ. ಸರಕಿನ ನೆತ್ತಿ ಕಾಣುತ್ತದೆ. ಸ್ಲಿಂಗಿನ ಬೆಲ್ಟ್ ಎಲ್ಲಿ ಹರಿದಿದೆ, ಡಿ-ಶ್ಯಾಕಲ್‌ನ ಪಿನ್ ಪೂರ್ತಿ ತಿರುಗಿದೆಯೋ ಅರ್ಧಕ್ಕೇ ನಿಂತಿದೆಯೋ, ಹುಕ್ಕಿನ ಲ್ಯಾಚ್ ಮುಚ್ಚಿದೆಯೋ ಇಲ್ಲವೋ, ಇದೊಂದೂ ಕಾಣುವುದಿಲ್ಲ. ಕಟ್ಟಡದ ಆಚೆ ಬದಿಗೆ ಇಳಿಸುವಾಗಲಂತೂ ಸರಕೇ ಕಾಣುವುದಿಲ್ಲ. ಕಿವಿಯ ರೇಡಿಯೋ ನಂಬಿ ಕೆಲಸ. ಕೆಳಗೆ ದುಡಿದು ಬಂದ ಆಪರೇಟರ್, ಕಾಣದ್ದನ್ನೂ ಊಹಿಸಿ ಕೇಳುತ್ತಾನೆ: “ಬೆಲ್ಟ್ ಎಷ್ಟು ಟನ್ನಿನದು? ಮೂಲೆಗೆ ಗೋಣಿ ಇಟ್ಟಿದ್ದೀಯಾ?” ಕೆಳಗೆ ದುಡಿಯದವನಿಗೆ ಕೇಳಬೇಕಾದ ಪ್ರಶ್ನೆಯೇ ಹೊಳೆಯುವುದಿಲ್ಲ.

ಸ್ಲಿಂಗಿನ ಕೋನ ನೋಡು. ಎರಡು ಟನ್ ಸರಕನ್ನು ಎರಡು ಕಾಲಿನ ಸ್ಲಿಂಗ್‌ನಲ್ಲಿ ಎತ್ತುತ್ತೀ ಅಂದುಕೋ. ಕಾಲುಗಳು ನೆಟ್ಟಗೆ ಇಳಿಬಿದ್ದಿದ್ದರೆ ಒಂದೊಂದಕ್ಕೆ ಒಂದು ಟನ್. ಅವುಗಳ ನಡುವಿನ ಕೋನ 90 ಡಿಗ್ರಿ ಆದರೆ ಒಂದೊಂದರ ಮೇಲೂ ಸುಮಾರು 1.4 ಟನ್ ಬೀಳುತ್ತದೆ. 120 ಡಿಗ್ರಿಗೆ ಅಗಲಿಸಿದೆಯೋ, ಪ್ರತಿ ಕಾಲೂ ಪೂರಾ ಎರಡು ಟನ್ ಹೊರಬೇಕು. ಸರಕು ಅದೇ, ಸ್ಲಿಂಗ್ ಅದೇ, ಕಟ್ಟಿದ ರೀತಿಯಷ್ಟೇ ಬೇರೆ. ಉದ್ದನೆಯ ಸ್ಲಿಂಗ್ ತರಲು ಸ್ಟೋರಿನವರೆಗೆ ಹೋಗಲು ಬೇಜಾರಾಗಿ ಗಿಡ್ಡ ಸ್ಲಿಂಗನ್ನೇ ಎಳೆದು ಅಗಲಿಸಿ ಹಾಕುವವರನ್ನು ನೀನು ದಿನಾ ನೋಡುತ್ತೀ. ಹಾಕಬೇಡ ಅನ್ನುವ ಧೈರ್ಯ ಬರಬೇಕಾದರೆ ಈ ಲೆಕ್ಕ ಬಾಯಿಗೆ ಬರಬೇಕು.

2008ರ ಮಾರ್ಚ್ 15ರಂದು ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ, 51ನೇ ಬೀದಿಯ ಒಂದು ಟವರ್ ಕ್ರೇನ್ ಬಿತ್ತು. ಏಳು ಜನ ಸತ್ತರು. ಆರು ಮಂದಿ ಕಾರ್ಮಿಕರು, ಇನ್ನೊಬ್ಬಾಕೆ ಬೇರೆ ಊರಿನಿಂದ ಅತಿಥಿಯಾಗಿ ಬಂದು ಪಕ್ಕದ ಮನೆಯಲ್ಲಿದ್ದವಳು. ಕ್ರೇನ್ ಅತಿಭಾರ ಎತ್ತಿರಲಿಲ್ಲ. ಅದನ್ನು ಇನ್ನಷ್ಟು ಎತ್ತರಿಸುತ್ತಿದ್ದರು. ಕ್ರೇನಿನ ನೆಟ್ಟನೆಯ ಕಂಬವಾದ ಮಾಸ್ಟನ್ನು ಕಟ್ಟಡಕ್ಕೆ ಬಿಗಿಯುವ ಐದು ಟನ್ ತೂಕದ ಉಕ್ಕಿನ ಕಾಲರನ್ನು ತಾತ್ಕಾಲಿಕವಾಗಿ ಪಾಲಿಯೆಸ್ಟರ್ ಬೆಲ್ಟ್‌ಗಳಿಂದ ತೂಗು ಹಾಕಿದ್ದರು. ಬೆಲ್ಟ್ ಕಿತ್ತುಹೋಯಿತು, ಕಾಲರ್ ಜಾರಿ ಕೆಳಗಿನ ಕಾಲರಿಗೆ ಬಡಿಯಿತು, ಆಸರೆ ತಪ್ಪಿದ ಕ್ರೇನ್ ಬೀದಿಗೆ ಅಡ್ಡಲಾಗಿ ಮಗುಚಿತು. ಕ್ರೇನ್ ತಯಾರಿಸಿದವರು ಎಂಟು ಕಡೆ ಹಿಡಿಯಿರಿ ಅಂದಿದ್ದರು, ಅಲ್ಲಿ ಹಿಡಿದದ್ದು ನಾಲ್ಕು ಕಡೆ ಎಂದು ತನಿಖೆಯಲ್ಲಿ ಕಂಡಿತು. ಚೂಪಾದ ಅಂಚಿಗೆ ಬೆಲ್ಟ್ ತಾಗದಂತೆ ಏನೂ ಇಟ್ಟಿರಲಿಲ್ಲ, ಒಂದು ಬೆಲ್ಟಂತೂ ಮೊದಲೇ ಸವೆದಿತ್ತು. ಅಷ್ಟು ದೊಡ್ಡ ಯಂತ್ರವನ್ನು ಬೀಳಿಸಲು ಅಂಗೈ ಅಗಲದ ಬೆಲ್ಟ್ ಸಾಕಾಯಿತು. ನಿನ್ನನ್ನು ನೆಲದಿಂದ ಶುರು ಮಾಡು ಅನ್ನುವಾಗ ನನ್ನ ಮನಸ್ಸಿನಲ್ಲಿರುವುದು ಇಂಥವು.

ಇನ್ನು ತೂಕದ ಮಾತು. ಕ್ರೇನ್ ಕೆಲಸದ ಅರ್ಧ ವಿದ್ಯೆ ತೂಕ ಗೊತ್ತು ಮಾಡಿಕೊಳ್ಳುವುದರಲ್ಲಿದೆ. ಕಾಂಕ್ರೀಟು ಒಂದು ಘನ ಮೀಟರಿಗೆ ಸುಮಾರು 2,400 ಕೆಜಿ. ಅರ್ಧ ಘನ ಮೀಟರಿನ ಬಕೆಟ್ ತುಂಬಿದರೆ ಬರೀ ಮಾಲೇ 1,200 ಕೆಜಿ, ಬಕೆಟ್‌ನ ಸ್ವಂತ ತೂಕ ಬೇರೆ. ಕಂಬಿಗೆ ಒಂದು ಸೂತ್ರವಿದೆ, ಕಂಬಿ ಕಟ್ಟುವ ಹಳಬರಿಗೆಲ್ಲ ಗೊತ್ತು: ಕಂಬಿಯ ಎಂಎಂ ಅನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆಜಿ ಎಂದು ಬರುತ್ತದೆ. ಇದನ್ನು ಇವತ್ತೇ ಬರೆದಿಟ್ಟುಕೋ.

ಬೆಂಗಳೂರಿನ ಹೊರವಲಯದ ಒಂದು ಸೈಟಿನಲ್ಲಿ ನಡೆದದ್ದು ಹೇಳುತ್ತೇನೆ. ಹಿಂದಿನ ದಿನವಿಡೀ ಸ್ಲ್ಯಾಬಿಗೆ 16 ಎಂಎಂ ಕಂಬಿ ಎತ್ತಿದ್ದರು, ಕಟ್ಟಿಗೆ 40ರಂತೆ. ಮರುದಿನ ಬೆಳಿಗ್ಗೆ ಕಾಲಂಗಳಿಗೆ 25 ಎಂಎಂ ಬಂತು. ಕಟ್ಟುವವರು ಹಿಂದಿನ ದಿನದ ರೂಢಿಯಲ್ಲೇ ಅದನ್ನೂ 40ರ ಕಟ್ಟು ಮಾಡಿ ಹುಕ್ಕಿಗೆ ಹಾಕಿದರು. ಮೇಲಿದ್ದವನು ಒಡಿಶಾದ ಹಳೆಯ ಆಪರೇಟರ್. ಎತ್ತಲಿಲ್ಲ. ರೇಡಿಯೋದಲ್ಲಿ ಕೇಳಿದ: ಯಾವ ಸೈಜು, ಎಷ್ಟು ಕಂಬಿ? ಉತ್ತರ ಬಂತು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಇಪ್ಪತ್ತಿಪ್ಪತ್ತು ಮಾಡಿ” ಅಂದ. ಫೋರ್‌ಮನ್ ಕೂಗಾಡಿದ: “ನಿನ್ನೆ ನಲವತ್ತರ ಕಟ್ಟೇ ಎತ್ತಿದೆಯಲ್ಲ, ಇವತ್ತೇನು ರೋಗ?” ಆಪರೇಟರ್ ದನಿ ಏರಿಸಲಿಲ್ಲ. 25 ಇಂಟು 25, 625. ಅದನ್ನು 162ರಿಂದ ಭಾಗಿಸಿದರೆ ಮೀಟರಿಗೆ 3.86 ಕೆಜಿ. 12 ಮೀಟರಿನ ಕಂಬಿಗೆ 46 ಕೆಜಿ ಮೇಲೆ. ನಲವತ್ತಕ್ಕೆ 1,850. “ಕಾಲಂ ಇರುವ ದೂರಕ್ಕೆ ನನ್ನ ಕ್ರೇನ್ ಒಂದೂವರೆ ಟನ್ ಮಾತ್ರ ಹೊರುತ್ತದೆ” ಎಂದು ಹೇಳಿ, ಲಿವರ್ ಬಿಟ್ಟು ಕೂತ. ನಿನ್ನೆಯ ಕಟ್ಟು ಎಷ್ಟಿತ್ತು ಗೊತ್ತೇ? 760 ಕೆಜಿ. ಎಣಿಕೆ ಅದೇ, ಉದ್ದ ಅದೇ, ಮೇಲಿನಿಂದ ನೋಡಿದರೆ ಕಟ್ಟೂ ಹೆಚ್ಚುಕಡಿಮೆ ಅದೇ. ತೂಕ ಮಾತ್ರ ಎರಡೂವರೆ ಪಟ್ಟು. ಇಂಜಿನಿಯರ್ ಬಂದ, ಫೋನಿನಲ್ಲಿ ಲೆಕ್ಕ ಹಾಕಿ ನೋಡಿದ, ಕಟ್ಟು ಬಿಚ್ಚಿಸಿದ. ಎರಡು ಟ್ರಿಪ್ಪಿನಲ್ಲಿ ಹೋಯಿತು.

ಆ ಮನುಷ್ಯ ಓದಿದ್ದು ಏಳನೆಯ ತರಗತಿಯಂತೆ. ಅವನು ಬರೀ “ಆಗಲ್ಲ” ಅಂದಿದ್ದರೆ ಸೋಮಾರಿ ಅನ್ನಿಸಿಕೊಳ್ಳುತ್ತಿದ್ದ. ಬಹುಶಃ ಅವನನ್ನು ಇಳಿಸಿ ಬೇರೆಯವನನ್ನು ಹತ್ತಿಸುತ್ತಿದ್ದರು. ಅಂಕಿ ಇಟ್ಟು ಹೇಳಿದ, ಯಾರೂ ಎದುರಾಡಲಾಗಲಿಲ್ಲ. ಒಳ್ಳೆಯ ಆಪರೇಟರ್ ಯಾರು ಎಂದು ನನ್ನನ್ನು ಕೇಳಿದರೆ ನಾನು ತೋರಿಸುವುದು ಅವನನ್ನೇ. ಬೇಡ ಅನ್ನುವುದು ಈ ಕೆಲಸದ ಒಂದು ಭಾಗ. ಸಂಬಳದಲ್ಲಿ ಅದಕ್ಕೂ ಪಾಲಿದೆ ಎಂದೇ ತಿಳಿ. ತೂಕ ಗೊತ್ತಿಲ್ಲದ್ದನ್ನು ಎತ್ತಬೇಡ. ನೆಲದಲ್ಲಿ ಹೂತದ್ದನ್ನು, ಕಾಂಕ್ರೀಟಿಗೆ ಅಂಟಿಕೊಂಡ ಸೆಂಟ್ರಿಂಗ್ ಹಲಗೆಯನ್ನು ಕ್ರೇನಿನಿಂದ ಕಿತ್ತು ಕೊಡು ಅಂದರೆ ಒಪ್ಪಬೇಡ. ಅಂಟಿಕೊಂಡದ್ದು ಎಷ್ಟು ಬಲ ಬೇಡುತ್ತದೆ ಎಂದು ಯಾವ ಲೆಕ್ಕವೂ ಹೇಳುವುದಿಲ್ಲ. ಓರೆಯಾಗಿ ಎಳೆಯಬೇಡ. ಜಿಬ್ ಮಾಡಿರುವುದು ನೇರ ಮೇಲಕ್ಕೆ ಎತ್ತಲು.

ಕ್ರೇನ್ ಎಷ್ಟು ಟನ್ನಿನದು ಎಂದು ಹೊರಗಿನವರು ಕೇಳುತ್ತಾರೆ. ಆ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಮಾಸ್ಟ್ ಹತ್ತಿರ ಐದು ಟನ್ ಎತ್ತುವ ಕ್ರೇನ್, 50 ಮೀಟರ್ ಜಿಬ್‌ನ ತುದಿಗೆ ಹೋದಾಗ ಒಂದು ಒಂದೂಕಾಲು ಟನ್ನಿಗೆ ಇಳಿದಿರುತ್ತದೆ. ತುಂಬಿದ ಕೊಡ ಸೊಂಟದ ಮೇಲಿದ್ದಾಗ ಮೈಲಿ ನಡೆಯುವ ಹೆಂಗಸು, ಅದೇ ಕೊಡವನ್ನು ಕೈ ಚಾಚಿ ಹಿಡಿ ಅಂದರೆ ನಿಮಿಷವೂ ನಿಲ್ಲಲಾರಳು. ಕ್ಯಾಬಿನ್‌ನಲ್ಲಿ ಅಂಟಿಸಿರುವ ಲೋಡ್ ಚಾರ್ಟ್ ಅದನ್ನೇ ಮೀಟರ್ ಮೀಟರಿಗೂ ಬರೆದಿಟ್ಟಿರುತ್ತದೆ. ಹೊಸ ಸೈಟಿಗೆ ಹೋದ ದಿನ ಮೊದಲು ಓದಬೇಕಾದ್ದು ಅದು, ಯಾಕೆಂದರೆ ಜಿಬ್‌ನ ಉದ್ದ ಬದಲಾದರೆ ಚಾರ್ಟೂ ಬದಲಾಗುತ್ತದೆ. ಮಿತಿ ಮೀರಿದರೆ ಎತ್ತದಂತೆ, ಜಿಬ್ ಉದ್ದಕ್ಕೂ ಹುಕ್ಕನ್ನು ಒಯ್ಯುವ ಟ್ರಾಲಿ ಮುಂದೆ ಹೋಗದಂತೆ ತಡೆಯುವ ಲಿಮಿಟ್ ಸ್ವಿಚ್‌ಗಳು ಕ್ರೇನಿನಲ್ಲೇ ಇವೆ. ಅವನ್ನು ಬೈಪಾಸ್ ಮಾಡಿ ಕೊಡುವ ‘ಜಾಣ’ ಎಲೆಕ್ಟ್ರಿಷಿಯನ್‌ಗಳೂ ಇದ್ದಾರೆ, “ಇವತ್ತೊಂದು ದಿನ” ಎಂದು ಕೇಳುವ ಮೇಲಿನವರೂ ಇದ್ದಾರೆ. ಬೈಪಾಸ್ ಮಾಡಿದ ಕ್ರೇನನ್ನು ಮುಟ್ಟಬೇಡ. ಕೆಲಸ ಹೋದರೂ ಮುಟ್ಟಬೇಡ. ಈ ಪತ್ರದಲ್ಲಿ ಇಷ್ಟು ಗಟ್ಟಿಯಾಗಿ ಇನ್ನೇನನ್ನೂ ಹೇಳುವುದಿಲ್ಲ.

ಸಿಗ್ನಲ್ ಬಗ್ಗೆ. ನಮ್ಮ ಸೈಟುಗಳಲ್ಲಿ ಇಳಿಸಲು ‘ಆರಿಯಾ’, ಎತ್ತಲು ‘ಹಬೇಸ್’ ಎಂದು ಕೂಗುತ್ತಾರೆ. ಹಡಗಿನ ಖಲಾಸಿಗಳ ಕಾಲದಿಂದ ಬಂದ ಮಾತುಗಳಿವು, ಭಾಷೆ ಯಾವುದಾದರೂ ಎಲ್ಲರಿಗೂ ತಿಳಿಯುತ್ತವೆ. ರೇಡಿಯೋದಲ್ಲಿ ಮಾತಾಡಲು ಕೆಲಸಕ್ಕೆ ಬೇಕಾದಷ್ಟು ಹಿಂದಿ ಕಲಿತುಕೋ, ಕೀಳರಿಮೆ ಬೇಡ, ಜಂಬವೂ ಬೇಡ. ಒಂದು ಲಿಫ್ಟಿಗೆ ಒಬ್ಬನೇ ಸಿಗ್ನಲ್‌ಮನ್. ಇಬ್ಬರು ಕೈ ಬೀಸುತ್ತಿದ್ದರೆ ಇಬ್ಬರ ಮಾತೂ ಕೇಳಬೇಡ, ನಿಲ್ಲಿಸು. ‘ನಿಲ್ಲಿಸು’ ಅನ್ನುವ ಸಿಗ್ನಲ್ ಒಂದನ್ನು ಮಾತ್ರ ಯಾರು ಕೊಟ್ಟರೂ ಪಾಲಿಸಬೇಕು, ನೀರು ಹೊರುವ ಹೆಂಗಸು ಕೊಟ್ಟರೂ ಸರಿ. ಸರಕು ಕಾಣದ ಕಡೆ ಇಳಿಸುವಾಗ ರೇಡಿಯೋದಲ್ಲಿ ಮಾತು ಬರುತ್ತಲೇ ಇರಬೇಕು: ಆರಿಯಾ, ಆರಿಯಾ, ಆರಿಯಾ. ದನಿ ನಿಂತ ಕ್ಷಣ ನಿನ್ನ ಕೈಯೂ ನಿಲ್ಲಲಿ. ಬ್ಯಾಟರಿ ಮುಗಿದಿರಬಹುದು; ಆ ಮನುಷ್ಯ ಎಡವಿ ಸರಕಿನ ಕೆಳಗೇ ಬಿದ್ದಿರಬಹುದು.

ಈಗ ನಿನಗೆ ಪ್ರಿಯವಾದ ವಿಷಯಕ್ಕೆ ಬರುತ್ತೇನೆ, ಕೈಚಳಕ. ಕ್ಯಾಬಿನ್‌ನಲ್ಲಿ ಹೊಸಬನಿಗೆ ಮೊದಲು ಸೋಲು ತರುವುದು ಸರಕಿನ ತೂಗಾಟ. ಟ್ರಾಲಿಯಿಂದ 40 ಮೀಟರ್ ಕೆಳಗೆ ತೂಗುವ ಸರಕು ಒಂದು ಸಲ ಆಚೆ ಹೋಗಿ ಈಚೆ ಬರಲು 12-13 ಸೆಕೆಂಡು ಬೇಕು. 10 ಮೀಟರ್ ಮಾತ್ರ ಇದ್ದರೆ ಆರು ಸೆಕೆಂಡಿನ ಆಸುಪಾಸು. ಸರಕು ಭಾರವೋ ಹಗುರವೋ ಎಂಬುದರಿಂದ ಇದು ಬದಲಾಗುವುದಿಲ್ಲ, ರೋಪಿನ ಉದ್ದ ಒಂದೇ ಲೆಕ್ಕ. ಹೊಸಬ ಏನು ಮಾಡುತ್ತಾನೆ? ಸರಕು ಮುಂದೆ ಓಲಿದ ಕೂಡಲೇ ಗಾಬರಿಯಿಂದ ಟ್ರಾಲಿಯನ್ನು ಹಿಂದಕ್ಕೆ ಎಳೆಯುತ್ತಾನೆ. ತೂಗಾಟ ಇಮ್ಮಡಿಯಾಗುತ್ತದೆ. ಬಲ್ಲವನು ಕಾಯುತ್ತಾನೆ. ಸರಕು ಮುಂದಕ್ಕೆ ಓಲುತ್ತಿರುವಾಗ ತಾನೂ ಟ್ರಾಲಿಯನ್ನು ಅದೇ ದಿಕ್ಕಿಗೆ ಮೆಲ್ಲಗೆ ಒಯ್ದು, ಓಲಾಟದ ತುತ್ತತುದಿಯಲ್ಲಿ ಸರಕಿನ ನೆತ್ತಿಯ ಮೇಲೆಯೇ ತಂದು ನಿಲ್ಲಿಸುತ್ತಾನೆ. ರೋಪು ನೆಟ್ಟಗಾಗುತ್ತದೆ, ಸರಕು ಸತ್ತಂತೆ ನಿಲ್ಲುತ್ತದೆ. ಜಿಬ್ ತಿರುಗಿಸುವಾಗಲೂ ಅಷ್ಟೇ: ನಿಲ್ಲಬೇಕಾದ ಜಾಗಕ್ಕಿಂತ ತುಸು ಮೊದಲೇ ವೇಗ ಇಳಿಸಿ, ಸರಕು ಮುಂದೆ ಹೋದಾಗ ಜಿಬ್ ಅದನ್ನು ಹೋಗಿ ಕೂಡಿಕೊಳ್ಳುವಂತೆ ಮಾಡಬೇಕು. ಕಲಿಯುವಾಗ ನೀರು ತುಂಬಿದ ಡ್ರಮ್ಮನ್ನು ಖಾಲಿ ಅಂಗಳದಲ್ಲಿ ಒಯ್ದು ಇಳಿಸಿ ಅಭ್ಯಾಸ ಮಾಡು. ನೀರು ಚೆಲ್ಲಿದ ಗುರುತು ನೆಲದ ಮೇಲೆ ಉಳಿಯುತ್ತದೆ, ನಿನ್ನ ಕೈ ಎಲ್ಲಿ ಒರಟಾಯಿತು ಎಂದು ನೀನೇ ನೋಡಬಹುದು. ಈ ಹದ ಒಮ್ಮೆ ಕೈಗೆ ಕೂತರೆ ಅದರ ಸುಖವೇ ಬೇರೆ. ರಾತ್ರಿ ಕಾಂಕ್ರೀಟಿನ ಹೊತ್ತಿನಲ್ಲಿ ಬಕೆಟ್ಟನ್ನು ಕಾಲಂ ಬಾಯಿಗೆ ಗೇಣಿನ ಲೆಕ್ಕದಲ್ಲಿ ತಂದು ನಿಲ್ಲಿಸಿದಾಗ, ಕೆಳಗಿನವರು ತಲೆ ಎತ್ತದೆ ತಮ್ಮ ಪಾಡಿಗೆ ಲಿವರ್ ಎಳೆದು ಮಾಲು ಬಿಡುತ್ತಾರೆ. ಅವರು ತಲೆ ಎತ್ತಿ ನೋಡಲಿಲ್ಲ ಅನ್ನುವುದೇ ನಿನಗೆ ಸಿಗುವ ಶಹಬ್ಬಾಸ್.

ಗಾಳಿಯನ್ನು ಭಯಭಕ್ತಿಯಿಂದ ಕಾಣು. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಬಹಳಷ್ಟು ಟವರ್ ಕ್ರೇನ್‌ಗಳ ಮ್ಯಾನ್ಯುಯಲ್‌ನಲ್ಲಿ ಗಂಟೆಗೆ 72 ಕಿ.ಮೀ. ದಾಟಿದರೆ ಕೆಲಸ ನಿಲ್ಲಿಸಿ ಎಂದಿರುತ್ತದೆ. ಅದು ಕ್ರೇನಿನ ಮಿತಿ, ನೀನು ಎತ್ತಿದ ಸರಕಿನದಲ್ಲ. ಅಗಲವಾದ ಸೆಂಟ್ರಿಂಗ್ ಪ್ಯಾನೆಲ್ ಅಥವಾ ಪ್ಲೈವುಡ್ ಕಟ್ಟು ಅದರ ಅರ್ಧ ಗಾಳಿಗೇ ಗಿರಗಿರ ತಿರುಗಿ ಹಗ್ಗ ಹಿಡಿದವನನ್ನೇ ಎಳೆದುಕೊಂಡು ಹೋಗುತ್ತದೆ. ಹಾಗಾಗಿ ಎಷ್ಟೋ ಸೈಟುಗಳು ಅದಕ್ಕಿಂತ ಬಹಳ ಮೊದಲೇ ನಿಲ್ಲಿಸುತ್ತವೆ, ಅದೇ ಸರಿ. ಬೆಂಗಳೂರಲ್ಲಿ ಏಪ್ರಿಲ್, ಮೇ ಸಂಜೆಗಳನ್ನು ನಂಬಬೇಡ. ಮಧ್ಯಾಹ್ನವೆಲ್ಲ ಒಂದು ಎಲೆ ಅಲುಗುವುದಿಲ್ಲ. ನಾಲ್ಕು ಗಂಟೆಗೆ ಮೋಡ ಕಟ್ಟಿ, ಮಳೆಗೆ ಮುಂಚೆ ಗಾಳಿ ಒಮ್ಮೆಲೇ ನುಗ್ಗುತ್ತದೆ. ಮೇಲಿರುವ ನಿನಗೆ ಆ ಧೂಳಿನ ಗೋಡೆ ಕೆಳಗಿನವರಿಗಿಂತ ಮೊದಲೇ ಕಾಣುತ್ತದೆ. ಕಂಡಾಗಲೇ ಸರಕು ಇಳಿಸು.

ಕೆಲಸ ಮಾಡದೆ ನಿಂತ ಕ್ರೇನೂ ಜನರನ್ನು ಕೊಲ್ಲುತ್ತದೆ. 2015ರ ಸೆಪ್ಟೆಂಬರ್ 11ರಂದು ಮೆಕ್ಕಾದ ದೊಡ್ಡ ಮಸೀದಿಯ ಮೇಲೆ ಕ್ರಾಲರ್ ಕ್ರೇನೊಂದು ಬಿರುಗಾಳಿಗೆ ಮಗುಚಿ ಬಿತ್ತು. ನೂರಕ್ಕೂ ಹೆಚ್ಚು ಜನ ಪ್ರಾಣ ಬಿಟ್ಟರು, ಅವರಲ್ಲಿ ನಮ್ಮ ದೇಶದ ಹಜ್ ಯಾತ್ರಿಕರೂ ಇದ್ದರು. ಕೆಲಸ ಇಲ್ಲದಾಗ ಬೂಮನ್ನು ಇಳಿಸಿಡಬೇಕು ಎಂದು ತಯಾರಕರ ಸೂಚನೆಯಿತ್ತು. ಅದನ್ನು ಎತ್ತಿದ ಹಾಗೇ ಬಿಟ್ಟಿದ್ದರು ಎಂದು ತನಿಖೆ ಹೇಳಿತು. ಟವರ್ ಕ್ರೇನಿನ ಜಿಬ್ಬನ್ನು ಹಾಗೆ ಇಳಿಸಲು ಬರುವುದಿಲ್ಲ. ಅದಕ್ಕೆ ಬೇರೆ ಉಪಾಯವಿದೆ: ಶಿಫ್ಟ್ ಮುಗಿಸಿ ಇಳಿಯುವಾಗ ತಿರುಗುವ ಬ್ರೇಕನ್ನು ಬಿಡಿಸಿಟ್ಟು, ಜಿಬ್ ಗಾಳಿ ಬಂದ ಹಾಗೆ ತಾನೇ ತಿರುಗುವಂತೆ ಬಿಡಬೇಕು. ಬಿಗಿಯಾಗಿ ಕಟ್ಟಿಹಾಕಿದ್ದೇ ಭದ್ರ ಎಂದು ಮನಸ್ಸಿಗೆ ಅನ್ನಿಸುತ್ತದೆ. ಆದರೆ ಕಟ್ಟಿಹಾಕಿದ ಜಿಬ್‌ನ ಅಗಲ ಮೈಗೆ ಅಡ್ಡಗಾಳಿ ಪೂರಾ ಬಡಿಯುತ್ತದೆ. ಬಿಟ್ಟ ಜಿಬ್ ಗಾಳಿಗೆ ಬೆನ್ನು ಕೊಟ್ಟು ಉಳಿದುಕೊಳ್ಳುತ್ತದೆ. ಹುಕ್ಕಿನಲ್ಲಿ ಏನನ್ನೂ ತೂಗುಬಿಡದೆ ಅದನ್ನು ಮೇಲೆತ್ತಿ, ಟ್ರಾಲಿಯನ್ನು ಮ್ಯಾನ್ಯುಯಲ್ ಹೇಳಿದ ಜಾಗಕ್ಕೆ ತಂದು, ಮೇನ್ ಸ್ವಿಚ್ ಆರಿಸು. ಎಷ್ಟೇ ಸುಸ್ತಾಗಿದ್ದರೂ ಇದನ್ನು ಮಾಡಿಯೇ ಏಣಿ ಇಳಿ.

ದೇಹದ ಬಗ್ಗೆ ಯಾರೂ ನಿನಗೆ ಹೇಳುವುದಿಲ್ಲ, ನಾನು ಹೇಳುತ್ತೇನೆ. ಮಾಸ್ಟ್ ಒಳಗಿನ ಏಣಿಯನ್ನು ದಿನಾ ಹತ್ತಬೇಕು, 40 ಮೀಟರ್, 60 ಮೀಟರ್, ಕಟ್ಟಡ ಬೆಳೆದಂತೆ ಇನ್ನೂ ಮೇಲೆ. ಮೇಲೆ ಶೌಚಾಲಯ ಇರುವುದಿಲ್ಲ. ಅದಕ್ಕೆ ಹೆದರಿ ಆಪರೇಟರ್‌ಗಳು ಇಡೀ ದಿನ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ರಾಯಚೂರು, ಬಳ್ಳಾರಿಯ 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ನೀರಿಲ್ಲದೆ ಕೂತರೆ ಮೂತ್ರಪಿಂಡದಲ್ಲಿ ಕಲ್ಲಾಗುವುದು ಹೊಸ ಸಂಗತಿಯಲ್ಲ. ನೀರು ಕುಡಿ. ಖಾಲಿ ಬಾಟಲಿ ಜೊತೆಗಿರಲಿ, ಅದರಲ್ಲಿ ನಾಚಿಕೆಯೇನೂ ಇಲ್ಲ. ಊಟಕ್ಕೆ ಇಳಿಯುವ ಹಕ್ಕನ್ನು ಬಿಟ್ಟುಕೊಡಬೇಡ. ಬದಲಿ ಆಪರೇಟರ್ ಇದ್ದಾನೆಯೇ ಎಂದು ಕೆಲಸಕ್ಕೆ ಸೇರುವಾಗಲೇ ಕೇಳು. ಹಗಲೂ ಮಾಡಿ ರಾತ್ರಿ ಕಾಂಕ್ರೀಟಿಗೂ ನಿಲ್ಲು ಅಂದರೆ ಕಾನೂನಿನ ಪ್ರಕಾರ ಓವರ್‌ಟೈಮ್‌ಗೆ ದುಪ್ಪಟ್ಟು ಕೂಲಿ ಬರಬೇಕು. ಆದರೂ ಹೇಳುತ್ತೇನೆ, ದುಪ್ಪಟ್ಟು ಕೊಟ್ಟರೂ ನಿದ್ದೆಗಣ್ಣಿನಲ್ಲಿ ಹತ್ತಬೇಡ. ಸಾರಾಯಿ ಮಾತು ಬಿಡು, ಅದರ ವಾಸನೆ ಇರುವವನು ಏಣಿಯ ಹತ್ತಿರವೂ ಸುಳಿಯಬಾರದು. ಮೊಬೈಲು ಬ್ಯಾಗಿನೊಳಗಿರಲಿ. ಮೇಲೆ ಗಂಟೆಗಟ್ಟಲೆ ಒಬ್ಬನೇ ಇರಬೇಕು, ಮಾತಿಗೆ ಜನವಿಲ್ಲ. ನಾಲ್ಕು ಜನರಿಲ್ಲದೆ ಹೊತ್ತು ಹೋಗದ ಸ್ವಭಾವ ನಿನ್ನದಾದರೆ ಇನ್ನೊಮ್ಮೆ ಯೋಚಿಸು.

ಬಹಳ ಹುಡುಗರು ಹೈಡ್ರಾದಿಂದ ಶುರು ಮಾಡುತ್ತಾರೆ, ಸರಕನ್ನು ಮುಂದೆ ತೂಗುಬಿಟ್ಟುಕೊಂಡೇ ನಡೆಯುವ ಆ ಸಣ್ಣ ಕ್ರೇನ್. ರೊಕ್ಕ ಬೇಗ ಬರುತ್ತದೆ, ಸುಲಭವೆಂದು ಕಾಣುತ್ತದೆ. ನನ್ನ ಲೆಕ್ಕದಲ್ಲಿ ಸೈಟಿನ ಅತಿ ಅಪಾಯದ ಯಂತ್ರ ಅದೇ. ಬೂಮ್ ನಿನ್ನ ಕಣ್ಣೆದುರೇ ಅಡ್ಡ ಬಂದಿರುತ್ತದೆ, ಹಗ್ಗ ಹಿಡಿದವನು ಸರಕಿನ ಪಕ್ಕದಲ್ಲೇ ನಡೆಯುತ್ತಿರುತ್ತಾನೆ, ನೆಲ ಏರುಪೇರು. ಅವನು ಎಡವಿದರೆ ಚಕ್ರದ ಕೆಳಗೇ. ಹೈಡ್ರಾ ಹಿಡಿದೆಯಾದರೆ ಹಗ್ಗದವನು ನಿನಗೆ ಸದಾ ಕಾಣುವಷ್ಟು ದೂರದಲ್ಲಿರಲಿ; ಕಾಣದಾದರೆ ಬ್ರೇಕ್ ಒತ್ತು. ರಸ್ತೆಗೆ ಇಳಿಯುವ ಕ್ರೇನಿಗೆ ಡ್ರೈವಿಂಗ್ ಲೈಸೆನ್ಸ್ ಬೇಕೇ ಬೇಕು, ಅದನ್ನು ಮೊದಲೇ ಮಾಡಿಸಿಕೋ.

ಕಲಿಯಲು ಎಲ್ಲಿಗೆ ಹೋಗಬೇಕು? ನಿರ್ಮಾಣ ಯಂತ್ರಗಳ ಆಪರೇಟರ್‌ಗಳಿಗೆ ಪಠ್ಯ, ಪರೀಕ್ಷೆ ನಿಗದಿ ಮಾಡುವ ಇನ್ಫ್ರಾಸ್ಟ್ರಕ್ಚರ್ ಇಕ್ವಿಪ್‌ಮೆಂಟ್ ಸ್ಕಿಲ್ ಕೌನ್ಸಿಲ್ ನಮ್ಮ ಬೆಂಗಳೂರಿನಲ್ಲೇ ಇದೆ. ದೊಡ್ಡ ನಿರ್ಮಾಣ ಕಂಪನಿಗಳು ತಮ್ಮದೇ ತರಬೇತಿ ಶಾಲೆ ನಡೆಸುತ್ತವೆ. ತುಮಕೂರು ರಸ್ತೆಯ ಬಿಐಇಸಿ ಪ್ರದರ್ಶನ ಕೇಂದ್ರದಲ್ಲಿ ನಿರ್ಮಾಣ ಯಂತ್ರಗಳ ಎಕ್ಸ್‌ಕಾನ್ ಪ್ರದರ್ಶನ ನಡೆದಾಗ ಒಮ್ಮೆ ಹೋಗಿ ಬಾ, ಎಲ್ಲ ಕಂಪನಿಯ ಕ್ರೇನ್‌ಗಳನ್ನೂ ಹತ್ತಿರದಿಂದ ನೋಡಬಹುದು, ಪ್ರಶ್ನೆ ಕೇಳಿದರೆ ಸಿಡುಕದೆ ಉತ್ತರಿಸುತ್ತಾರೆ. ಆದರೆ ಹದಿನೈದು ದಿನಕ್ಕೆ ಸರ್ಟಿಫಿಕೇಟ್ ಕೈಗಿಡುತ್ತೇವೆ, ದುಡ್ಡು ತಾ ಅನ್ನುವ ಕಡೆ ತಲೆ ಹಾಕಬೇಡ. ಎಷ್ಟು ಗಂಟೆ ನಿಜವಾದ ಕ್ರೇನಿನ ಮೇಲೆ ಕೂರಿಸುತ್ತೀರಿ ಎಂದು ಕೇಳು. ಉತ್ತರ ತಡವರಿಸಿದರೆ ಎದ್ದು ಬಾ. ಕಟ್ಟಡ ಕಾರ್ಮಿಕರ ಕೇಂದ್ರ ನಿಯಮಗಳಲ್ಲಿ 1998ರಲ್ಲೇ ಬರೆದಿದ್ದಾರೆ: ಎತ್ತುವ ಯಂತ್ರ ನಡೆಸುವವನಿಗೆ, ಸಿಗ್ನಲ್ ಕೊಡುವವನಿಗೆ 18 ವರ್ಷ ತುಂಬಿರಬೇಕು, ಅಪಾಯದ ಅರಿವಿರಬೇಕು, ಕಾಲಕಾಲಕ್ಕೆ ವೈದ್ಯಕೀಯ ತಪಾಸಣೆ ಆಗಬೇಕು. ಕಣ್ಣಿನ ಪರೀಕ್ಷೆಯನ್ನು ನೀನೇ ಮೊದಲು ಮಾಡಿಸಿಕೋ. ದೂರದ ಅಂದಾಜು, ಬಣ್ಣದ ಗುರುತು ಎರಡೂ ಸರಿಯಿಲ್ಲದವನಿಗೆ ಈ ಕೆಲಸ ಸಲ್ಲದು.

ಕ್ರೇನಿಗೂ ಅಂಥದೇ ತಪಾಸಣೆಯಿದೆ. ಮೊದಲ ಸಲ ಬಳಸುವ ಮುನ್ನ ಒಮ್ಮೆ, ಆಮೇಲೆ ಐದು ವರ್ಷಕ್ಕೊಮ್ಮೆಯಾದರೂ ಭಾರ ಹಾಕಿ ಪರೀಕ್ಷೆ. 12 ತಿಂಗಳಿಗೊಮ್ಮೆಯಾದರೂ ಅರ್ಹ ತಜ್ಞರಿಂದ ಪೂರ್ತಿ ಪರಿಶೀಲನೆ. ಸೇರಿದ ದಿನ ಆ ಸರ್ಟಿಫಿಕೇಟ್ ತೋರಿಸಿ ಎಂದು ವಿನಯದಿಂದಲೇ ಕೇಳು. ದಿನಾ ಬೆಳಿಗ್ಗೆ ರೋಪು, ಹುಕ್ಕು, ಬ್ರೇಕು, ಲಿಮಿಟ್ ಸ್ವಿಚ್ಚು ನೋಡಿ ಲಾಗ್‌ಬುಕ್ಕಿನಲ್ಲಿ ಬರೆ. ತೊಂದರೆ ಬಾಯಲ್ಲಿ ಹೇಳಿದರೆ ಗಾಳಿಗೆ ಹೋಗುತ್ತದೆ. ಬರೆದರೆ, ನಾಳೆ ಏನಾದರೂ ಆದಾಗ ನಿನ್ನ ಪರ ನಿಲ್ಲುವುದು ಆ ಪುಟವೊಂದೇ.

ಗಲ್ಫಿನ ಆಸೆ ಇದ್ದರೆ ತಪ್ಪೇನಿಲ್ಲ, ಒಳ್ಳೆಯ ಆಪರೇಟರ್‌ಗೆ ಅಲ್ಲಿ ಬೆಲೆಯಿದೆ. ಇಲ್ಲಿ ಕೆಲವು ವರ್ಷ ಅನುಭವ ಆಗಲಿ. ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ಸೌದಿ, ಕತಾರ್, ಕುವೈತ್‌ನಂಥ ದೇಶಗಳಿಗೆ ಕೆಲಸಕ್ಕೆ ಹೋಗಲು ಎಮಿಗ್ರೇಷನ್ ಅನುಮತಿ ಬೇಕಾಗುತ್ತದೆ. ಫೇಲಾಗಿದ್ದರೆ ಮತ್ತೆ ಕಟ್ಟಿ ಪಾಸು ಮಾಡಿಕೋ, ಲೋಡ್ ಚಾರ್ಟ್ ಓದಲೂ ಅನುಕೂಲ. ಏಜೆಂಟ್ ಸರ್ಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿ ಇದ್ದಾನೆಯೇ ಎಂದು ನೋಡದೆ ಒಂದು ರೂಪಾಯಿಯನ್ನೂ ಕೊಡಬೇಡ.

ಇನ್ನೊಂದು ಕೆಲಸ ಇಲ್ಲೇ, ಈ ವರ್ಷವೇ ಆಗಬೇಕು. 18ರಿಂದ 60 ವರ್ಷದೊಳಗಿನವರು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ, ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ರಿಗ್ಗರ್‌ಗೂ ಸಲ್ಲುತ್ತದೆ, ಹೆಲ್ಪರ್‌ಗೂ ಸಲ್ಲುತ್ತದೆ. ಅಪಘಾತ, ಕಾಯಿಲೆ, ಮಕ್ಕಳ ಓದು ಇವಕ್ಕೆ ನೆರವು ಆ ಕಾರ್ಡಿನಿಂದ ಸಿಗುತ್ತದೆ. ಸೈಟಿಗೆ ಸೇರಿದ ದಿನದಿಂದಲೇ ಹಾಜರಿಯನ್ನು ನಿನ್ನದೇ ಡೈರಿಯಲ್ಲಿ ಬರೆದಿಟ್ಟುಕೋ. ಗುತ್ತಿಗೆದಾರನಿಂದ ಕೆಲಸದ ದೃಢೀಕರಣ ಪತ್ರ ಪಡೆಯುವಾಗ ಅದು ಬೇಕಾಗುತ್ತದೆ. ಗುತ್ತಿಗೆದಾರರು ದಾಖಲೆ ಕೇಳಿದರೆ ಅಂಕಪಟ್ಟಿ, ಆಧಾರ್, ಪಾಸ್‌ಪೋರ್ಟ್ ಎಲ್ಲದರ ಜೆರಾಕ್ಸ್ ಮಾತ್ರ ಕೊಡು. ಮೂಲಪ್ರತಿ ಊರಲ್ಲಿ ಅವ್ವನ ಟ್ರಂಕಿನಲ್ಲಿರಲಿ.

ಇಂತಿ,
ನಿನ್ನ ಹಿರಿಯಣ್ಣ